ಲಿಲ್ಲಿ ಎಲೆಯ ಹಳದಿ ಗೆರೆ

ಇಸವಿ ಮರೆತಿದೆ, ಹೂವಿನ ಬಣ್ಣವೂ ಸರಿಯಾಗಿ ನೆನಪಿಲ್ಲ. ಆದರೆ ಹಿಂದೂಪುರದ ನಮ್ಮ ಹಿತ್ತಲಿನ ಲಿಲ್ಲಿ ಎಲೆಗಳಲ್ಲಿ ಹಳದಿ ಗೆರೆ ಮೂಡಿ, ಮೊಗ್ಗುಗಳು ಸೊಟ್ಟಗಾದದ್ದಂತೂ ನಿಜ. ಹೊಸದಾಗಿ ಮದುವೆಯಾಗಿ ಬಂದಿದ್ದ ಅತ್ತಿಗೆ, ತಿಂಗಳ ಮುಟ್ಟಿನಲ್ಲಿದ್ದಾಗ ಗಿಡಕ್ಕೆ ಕೈ ತಾಗಿಸಿದ್ದೇ ಕಾರಣವೆಂದು ಅಜ್ಜಿ ಹಟ ಹಿಡಿದರು. ಅತ್ತಿಗೆ ಹಿತ್ತಲಿಗೆ ಬರುವುದನ್ನೇ ಬಿಟ್ಟರು.

ಇದು ವೈರಸ್ ರೋಗ, ರಸ ಹೀರುವ ಗಿಡದ ಹೇನುಗಳು ಅದನ್ನು ಒಂದು ಗಿಡದಿಂದ ಇನ್ನೊಂದಕ್ಕೆ ಹರಡುತ್ತವೆ ಎಂದು ನಾನು ಕಾಲೇಜಿನಲ್ಲಿ ಓದಿದ್ದನ್ನು ಹೇಳಿದೆ.

"ಹೇನು ತಲೇಲಿರ್ತವೆ ಕಣಮ್ಮ," ಎಂದರು ಅಜ್ಜಿ.

ನಮ್ಮ ಲಿಲ್ಲಿಯ ಗಡ್ಡೆಗಳನ್ನು ನೆಡಲು ಕೊಟ್ಟಿದ್ದವರು ಕಲ್ಯಾಣದುರ್ಗದ ದೊಡ್ಡಮ್ಮ. ಅಲ್ಲಿಗೆ ಹೋಗಿ ನೋಡಿದರೆ ಅವರ ಲಿಲ್ಲಿಗಳಲ್ಲೂ ಅದೇ ಗೆರೆ, ಎಲೆಯಡಿಯಲ್ಲಿ ಹೇನು. ಅತ್ತಿಗೆ ಆ ಊರಿಗೆ ಕಾಲಿಟ್ಟವರೇ ಅಲ್ಲ. ರೋಗ ಗಡ್ಡೆಯೊಳಗೇ ನಮ್ಮ ಮನೆಗೆ ಬಂದಿತ್ತು. ಒಂದು ಎಲೆ ತಂದು ಅಜ್ಜಿಗೆ ತೋರಿಸಿದೆ.

"ಹಂಗಾದ್ರೆ ನಿಮ್ಮ ದೊಡ್ಡಮ್ಮನೇ ಕಳಿಸ್ಬುಟ್ಟವ್ಳೆ! ಪಾಪಂ, ಈ ಹುಡುಗೀದೇನೂ ತಪ್ಪಿಲ್ಲ ಬಿಡು."

ಅತ್ತಿಗೆ ನಕ್ಕರು. ನನ್ನ ಎದೆಯೂ ಹಗುರಾಯಿತು. ನಾವಿಬ್ಬರೂ ಸೇರಿ ಆ ಗಿಡಗಳನ್ನು ಕೀಳುವಾಗ ಒಂದು ಮಾತು ಕೇಳಿದೆ.

"ಅತ್ತಿಗೆ, ಆವತ್ತು ನೀವು ನಿಜವಾಗ್ಲೂ ಕೈ ತಾಗಿಸಿದ್ರಾ?"