ಕೃಪಾವತಿ ಬದಲಿಸಿದ ಸಾಲು

ಬಳ್ಳಾರಿಯ ಬ್ರೂಸ್‌ಪೇಟೆಯ ಅಂಗಡಿಗಳ ಬಾಗಿಲು ಇನ್ನೂ ತೆರೆದಿಲ್ಲ. ಇಳಿಸಿದ ಶಟರ್ ಒಂದರ ಹಿಂದಿನಿಂದ ಎಲೆಕ್ಟ್ರಿಕ್ ಗಿಟಾರಿನ ಅಬ್ಬರ ಕೇಳುತ್ತಿದೆ. ಒಳಗೆ ಬಟ್ಟೆ ಮೂಟೆಗಳ ನಡುವೆ ನಿಂತು ಕೃಪಾವತಿ ಹೊಸ ಹಾಡಿಗೆ ರಾಗ ಹುಡುಕುತ್ತಿದ್ದಾರೆ. ಡ್ರಮ್ಸ್ ಮುಂದೆ ಕುಳಿತ ವಿರೂಪಾಕ್ಷಿ ಇದೇ ಗೋದಾಮಿನ ಹಮಾಲ. ಮಾಲೀಕರನ್ನು ಕಾಡಿ ಬೇಡಿ ಈ ಜಾಗ ಗಿಟ್ಟಿಸಿದವರು ಅವರೇ. ಸರಕಿನ ಗಾಡಿ ಬರುವಷ್ಟರಲ್ಲಿ ವಾದ್ಯಗಳನ್ನೆಲ್ಲ ಎತ್ತಿಡಬೇಕು.

ನಲವತ್ತರ ಆಸುಪಾಸಿನ ಕೃಪಾವತಿ ಇಲ್ಲಿನ ಜೀನ್ಸ್ ಘಟಕವೊಂದರಲ್ಲಿ ಇಸ್ತ್ರಿ ಮಾಡುತ್ತಾರೆ. ದಿನಕ್ಕೆ ಮುನ್ನೂರು ಪ್ಯಾಂಟು ಅವರ ಕೈ ದಾಟುತ್ತವೆ. ಭಾನುವಾರ ಸಿರುಗುಪ್ಪ, ಕುರುಗೋಡು ಕಡೆಯ ಸಣ್ಣ ಪ್ರಾರ್ಥನಾ ಮಂದಿರಗಳಲ್ಲಿ ತಾವೇ ಕಟ್ಟಿದ ರಾಕ್ ಹಾಡು ಹಾಡುತ್ತಾರೆ. ಯೇಸುವಿನ ಹಾಡಿಗೆ ಇಷ್ಟು ಗದ್ದಲವೇ ಎಂದು ಮೂಗು ಮುರಿಯುವ ಹಿರಿಯರಿದ್ದಾರೆ. "ದಿನಾ ಮಷೀನ್ ಸದ್ದಿನಾಗ ಇರೋರು ನಾವು. ಮೆಲ್ಲಕ ಹಾಡಿದ್ರ ನಮಗ ಕೇಳಂಗಿಲ್ರಿ" ಎನ್ನುತ್ತಾರೆ ಕೃಪಾವತಿ.

ಅವರಿಗೆ ಹೆಸರು ತಂದದ್ದು ಒಂದೇ ಹಾಡು. ಅದರಲ್ಲೊಂದು ಸಾಲು: 'ನಂಬಿದವರು ನಾಳೆ ಎದ್ದು ನಡೀತಾರ.' ಜನ ಚಪ್ಪಾಳೆ ತಟ್ಟಿ ಮತ್ತೆ ಮತ್ತೆ ಹಾಡಿಸುತ್ತಿದ್ದರು. ಇಂದು ಅದರ ಮಾತೆತ್ತಿದರೆ ಕೃಪಾವತಿ ತಲೆ ತಗ್ಗಿಸುತ್ತಾರೆ.

ಜೊತೆಗೆ ಕೆಲಸ ಮಾಡುತ್ತಿದ್ದ ಕುರುಗೋಡಿನ ಕೊಟ್ರಬಸಮ್ಮನಿಗೆ ಕಳೆದ ವರ್ಷ ಲಕ್ವ ಹೊಡೆಯಿತು. ಲಿಂಗಪೂಜೆಯ ಮನೆಯವರಾದರೂ ಗೆಳತಿಯ ಹಾಡೆಂದರೆ ಅವರಿಗೆ ಪ್ರಾಣ. ಕೃಪಾವತಿ ಹಾಸಿಗೆಯ ಪಕ್ಕ ಕುಳಿತು ಆ ಸಾಲಿನ ಹಾಡನ್ನೇ ಹಾಡಿದರು, ಫೋನಿಗೂ ಹಾಕಿಕೊಟ್ಟರು. ಎರಡು ತಿಂಗಳಲ್ಲಿ ಕೊಟ್ರಬಸಮ್ಮ ತೀರಿಕೊಂಡರು.

ಮಣ್ಣು ಮುಗಿದ ಮೇಲೆ ಮಗಳು ದಾಕ್ಷಾಯಣಿ ಕೃಪಾವತಿಯನ್ನು ಪಡಸಾಲೆಯಲ್ಲಿ ನಿಲ್ಲಿಸಿ ಹೇಳಿದರು: "ಅಕ್ಕಾ, ಅವ್ವ ದಿನಾ ಬೆಳಿಗ್ಗಿ ಕಾಲು ಎತ್ತಾಕ ನೋಡ್ತಿದ್ಲು. ಆಗ್ತಿರಲಿಲ್ಲ. ಕಡೀಗಿ, 'ನನ್ನ ನಂಬಿಕಿ ಸಾಲಲಿಲ್ಲ ಕಣವ್ವ' ಅಂತ ನಾಚಿಕಿಪಟ್ಕೊಂಡು ಸತ್ಲು. ರೋಗಕ್ಕ ನಾಚಿಕಿ ಯಾಕ್ರಿ ಅಕ್ಕಾ?"

ಕೃಪಾವತಿ ಅಲ್ಲಿ ಕೊಟ್ಟ ನೀರನ್ನೂ ಕುಡಿಯದೆ ಹೊರಬಿದ್ದರು. "ಜನರ ಚಪ್ಪಾಳಿ ರುಚಿ ಹತ್ತಿತ್ತು ನನಗ. ದೇವರು ಆಕಿಗೆ ಕೊಡದ ಮಾತು ನಾನು ಕೊಟ್ಬಿಟ್ಟೆ" ಎನ್ನುತ್ತಾರೆ ಈಗ. ತಿಂಗಳುಗಟ್ಟಲೆ ಗಿಟಾರ್ ಮುಟ್ಟಲಿಲ್ಲ. ನಂಬಿಕೆ ಹೋಗಿರಲಿಲ್ಲ, ಅದರ ಬಗ್ಗೆ ಬಾಯಿ ತೆರೆಯಲು ಮುಖ ಉಳಿದಿರಲಿಲ್ಲ. ಕೊನೆಗೆ ಕುರುಗೋಡಿಗೆ ಹೋಗಿ, ಇನ್ನು ಹಾಡುವುದಿಲ್ಲ ಎಂದರು. ದಾಕ್ಷಾಯಣಿ ಕ್ಷಮಿಸಿದೆ ಎನ್ನಲಿಲ್ಲ. "ಹಾಡು ಬಿಡಬ್ಯಾಡ್ರಿ. ಆ ಸುಳ್ಳು ಬಿಡ್ರಿ" ಎಂದಷ್ಟೇ ಹೇಳಿ ಒಳಗೆ ಹೋದರು.

ಆ ಸಾಲನ್ನು ಬದಲಿಸಲು ಚಳಿಗಾಲವೆಲ್ಲ ಹಿಡಿಯಿತು. ಈಗ ಅದು ಯೇಸುವನ್ನು ಕುರಿತು ಹೀಗಿದೆ: 'ಏಳಲಾರದವರ ಹಾಸಿಗಿ ಪಕ್ಕ ನೀನು ಎದ್ದು ಹೋಗದೆ ಕುಂತೀದಿ.'

ಸಿರುಗುಪ್ಪದಲ್ಲಿ ಮೊದಲ ಸಲ ಹಾಡಿದಾಗ ಜನ ಹಳೆಯದನ್ನೇ ಕೇಳಿದರು. ಕೃಪಾವತಿ ಮೈಕ್ ಹಿಡಿದು, "ಅದು ತಪ್ಪು ಹಾಡಿದ್ದೆ, ಕ್ಷಮಿಸ್ರಿ" ಎಂದರು. ಕೆಲವರು ಎದ್ದು ಹೋದರು. ಕೃಪಾವತಿ ಗಿಟಾರಿನಲ್ಲಿ ಒಂದೆರಡು ಸ್ವರ ತಪ್ಪಿದರು. ವಿರೂಪಾಕ್ಷಿ ಡ್ರಮ್ಸ್ ನಿಲ್ಲಿಸಲಿಲ್ಲ. ಚಪ್ಪಾಳೆ ಬೀಳದಿದ್ದರೂ ಹಾಡು ಕೊನೆ ಮುಟ್ಟಿತು.

ಅದನ್ನು ದಾಕ್ಷಾಯಣಿಗೆ ಕೇಳಿಸುವ ಧೈರ್ಯ ಇನ್ನೂ ಬಂದಿಲ್ಲ. ಆಸೆ ಏನೆಂದು ಕೇಳಿದರೆ ಕೃಪಾವತಿ ಗಿಟಾರನ್ನು ಮೂಟೆಗೆ ಒರಗಿಸುತ್ತಾರೆ.

"ಎಲ್ಲೋ ಒಬ್ರು ಮಲಗಿದಲ್ಲೇ ಇದನ್ನ ಕೇಳ್ತಾರ ಅಂತ ಇಟ್ಕೋರಿ. ಏಳಾಕ ಆಗದ್ದು ತಮ್ಮದೇ ತಪ್ಪು ಅಂತ ಅವರು ಅನ್ಕೋಬಾರದು. ಅಷ್ಟಾದ್ರ ಸಾಕ್ರಿ."