ಅಸ್ತರಿನ ಕೆಳಗಿನ ನೀಲಿ

ನನ್ನ ಕಪಾಟಿನ ಮೇಲಿನ ಸಾಲಿನಲ್ಲಿ ಹನ್ನೆರಡು ಪುಸ್ತಕಗಳಿವೆ. ಹನ್ನೆರಡನ್ನೂ ಬರೆದವನು ಒಬ್ಬನೇ. ಆತ ಇಂಗ್ಲಿಷ್ ಲೇಖಕ, ತೀರಿಕೊಂಡು ಎಷ್ಟೋ ಕಾಲವಾಯಿತು. ಬದುಕಿಡೀ ಬೇರೆ ಗ್ರಹಗಳ ಕತೆ, ಕಡಲಡಿಯ ರಾಜ್ಯಗಳ ಕತೆ, ಮನುಷ್ಯರಿಗೆ ಬುದ್ಧಿ ಹೇಳುವ ಹಕ್ಕಿಗಳ ಕತೆ ಬರೆದುಕೊಂಡಿದ್ದ ಪುಣ್ಯಾತ್ಮ. ಹನ್ನೆರಡೂ ಮೊದಲ ಮುದ್ರಣದ ಪ್ರತಿಗಳು. ಹನ್ನೊಂದು ತಮ್ಮ ಮೂಲ ಜಾಕೆಟ್ ತೊಟ್ಟು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹೊದ್ದು, ಮದುವೆಗೆ ಬಂದ ಬೀಗರ ಹಾಗೆ ನಿಂತಿವೆ. ಇನ್ನೊಂದು, ಆತನ ಮೊಟ್ಟಮೊದಲ ಪುಸ್ತಕ, ಎಲ್ಲಕ್ಕಿಂತ ಮುಂದೆ ನಿಲ್ಲಬೇಕಾದದ್ದು, ಸರಕಾರಿ ದಫ್ತರದ ಹಾಗೆ ಕೆಂಗಂದು ರೆಕ್ಸಿನ್ ಸುತ್ತಿಕೊಂಡಿದೆ. ಹನ್ನೊಂದು ವರ್ಷ ಅದರ ಬೆನ್ನನ್ನು ಗೋಡೆಯ ಕಡೆ ತಿರುಗಿಸಿಟ್ಟಿದ್ದೆ. ಆ ರೆಕ್ಸಿನ್ ಹಾಕಿದವರು ನನ್ನ ಅಪ್ಪ.

ಈ ಹುಚ್ಚಿನ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಪುಸ್ತಕ ಓದುವವರು ಬೇರೆ, ಮೊದಲ ಮುದ್ರಣ ಕೂಡಿಹಾಕುವವರು ಬೇರೆ. ನಾವು ಓದುವುದು ಅಗ್ಗದ ಪ್ರತಿಯನ್ನು. ಮೊದಲ ಮುದ್ರಣವನ್ನು ಕೈ ತೊಳೆದುಕೊಂಡು ಮುಟ್ಟುತ್ತೇವೆ, ಅರ್ಧವಷ್ಟೇ ತೆರೆಯುತ್ತೇವೆ, ಮೂಸುತ್ತೇವೆ, ಮತ್ತೆ ಇಡುತ್ತೇವೆ. ನಮಗೆ ಜಾಕೆಟ್ ಅಂದರೆ ಜೀವ. ರಟ್ಟಿನ ಮೇಲೆ ಸಡಿಲವಾಗಿ ಕೂತಿರುವ ಆ ಚಿತ್ರದ ಕಾಗದ ಇಲ್ಲದಿದ್ದರೆ ನಮ್ಮ ಪಾಲಿಗೆ ಪುಸ್ತಕ ಅರ್ಧ ಸತ್ತ ಹಾಗೆ. ಹರಿದಿದ್ದರೂ ಪರವಾಗಿಲ್ಲ, ಚಹಾದ ಕಲೆ ಬಿದ್ದಿದ್ದರೂ ಪರವಾಗಿಲ್ಲ, ಆದರೆ ಇರಬೇಕು. ಪುಟಗಳ ಅಂಚು ಕತ್ತರಿಸಿರಬಾರದು. ಮರುಬೈಂಡಿಂಗ್ ಮಾಡಿಸಿದ್ದರಂತೂ ಆ ಪುಸ್ತಕದ ಮಾತೇ ಎತ್ತುವುದಿಲ್ಲ. ನನ್ನ ಹೆಂಡತಿ ಇದನ್ನೆಲ್ಲ ಕೇಳಿ, "ಅಂದ್ರ ಹಣ್ಣು ಬಿಟ್ಟು ಸಿಪ್ಪಿ ಪೂಜಾ ಮಾಡ್ತೀರಿ ಅನ್ರಿ" ಅಂದಿದ್ದಳು. 

ನಾವಿರುವುದು ಪುಣೆಯ ಖಡಕಿಯಲ್ಲಿ. ಮಿಲಿಟರಿಯವರ ಊರು. ಪ್ರತಿ ಬೇಸಿಗೆಗೆ ಸಾಹೇಬರ ಮನೆಗಳಲ್ಲಿ ವರ್ಗಾವಣೆಯ ಗಡಿಬಿಡಿ. ಮುಂದಿನ ಊರಿಗೆ ಒಯ್ಯಲಾಗದ್ದೆಲ್ಲ ಬಜಾರಿನ ರದ್ದಿ ಅಂಗಡಿಗೆ ಬರುತ್ತದೆ. ಅಜ್ಜ ಕೊಂಡಿದ್ದನ್ನು ಮೊಮ್ಮಗ ತೂಕಕ್ಕೆ ಹಾಕುತ್ತಾನೆ. ಏಪ್ರಿಲ್ ಬಂತೆಂದರೆ ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆ ಅಂಗಡಿಯ ಮುಂದೆ ಹಾಜರು. ಅಂಗಡಿಯವನಿಗೆ ನನ್ನ ಲೇಖಕನ ಹೆಸರು ಇವತ್ತಿಗೂ ನಾಲಿಗೆಗೆ ಹೊರಳುವುದಿಲ್ಲ. ಜಾಕೆಟ್ಟಿನ ಹಿಂಬದಿಯ ಗಡ್ಡದ ಫೋಟೋ ಮಾತ್ರ ಅವನಿಗೆ ಚೆನ್ನಾಗಿ ಪರಿಚಯ. "ಸಾಹೇಬ, ತುಮಚಾ ಮ್ಹಾತಾರಾ ಆಲಾಯ್" ಎಂದು ಫೋನು ಮಾಡುತ್ತಾನೆ. ನಿಮ್ಮ ಮುದುಕ ಬಂದಿದ್ದಾನೆ ಅಂತ. ಹಾಗೆ ಬಂದ ಮುದುಕರು ಹನ್ನೊಂದು, ಇಪ್ಪತ್ತು ವರ್ಷಗಳಲ್ಲಿ.

ಹುಚ್ಚು ಹಿಡಿಸಿದವರು ಅಪ್ಪನೇ, ಅವರಿಗೆ ಗೊತ್ತಿಲ್ಲದೆ. ಗದಗಿನ ಕಡೆಯಿಂದ ಪುಣೆಯ ಒಂದು ಪ್ರೆಸ್ಸಿಗೆ ಬೈಂಡರ್ ಆಗಿ ಬಂದವರು, ಮುಂದೆ ಮನೆಯಲ್ಲೇ ಕೆಲಸ ಹಿಡಿದರು. ದಂಡಿನ ಕ್ಲಬ್ಬಿನ ಲೈಬ್ರರಿಯಿಂದ ಬೆನ್ನು ಮುರಿದ ಇಂಗ್ಲಿಷ್ ಕಾದಂಬರಿಗಳು ನಮ್ಮ ಮನೆಗೆ ಬರುತ್ತಿದ್ದವು. ಅಪ್ಪನಿಗೆ ಇಂಗ್ಲಿಷ್ ಬಾರದು. ಅಕ್ಷರಗಳ ಆಕಾರ ನೋಡಿ ಬೆನ್ನಿನ ಮೇಲೆ ಬಂಗಾರದ ಹೆಸರು ಒತ್ತುತ್ತಿದ್ದರು, ಒಂದಕ್ಷರ ತಪ್ಪಿದ್ದು ನಾನು ಕಾಣೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮೈದಾ ಅಂಟಿಗೆ ಮೈಲುತುತ್ತ ಬೆರೆಸಿ ಕುದಿಸಿ, ಪುಸ್ತಕ ಬಿಚ್ಚಿ, ಫಾರ್ಮುಗಳನ್ನು ಬೇರೆ ಮಾಡಿ ಕೂರುತ್ತಿದ್ದರು. ಫಾರ್ಮು ಅಂದರೆ ಒಟ್ಟಿಗೆ ಮಡಚಿದ ಹದಿನಾರು ಪುಟ. ನಾನು ಪಕ್ಕದಲ್ಲಿ ಬೋರಲು ಮಲಗಿ ಒಂದೊಂದೇ ಫಾರ್ಮು ಓದಿ ಅವರ ಕೈಗೆ ಕೊಡಬೇಕು, ಅವರು ಹೊಲಿಯಬೇಕು. ಅವರ ಸೂಜಿ ನನ್ನ ಕಣ್ಣಿಗಿಂತ ಚುರುಕು. ಆದರೂ ದಾರಕ್ಕೆ ಮೇಣ ಹಚ್ಚುತ್ತ, ಸೂಜಿಯನ್ನು ಸುಮ್ಮನೆ ಒರೆಸುತ್ತ ಕಾಯುತ್ತಿದ್ದರು.

"ಮುಗೀತೇನೋ?"

"ಇನ್ನಾ ಎರಡು ಪುಟ ಅದಾವ."

ಹತ್ತು ಪುಟ ಇದ್ದಾಗಲೂ ನಾನು ಎರಡೇ ಅನ್ನುತ್ತಿದ್ದೆ. ಅವರಿಗೆ ಗೊತ್ತಿತ್ತು. ನನ್ನ ಲೇಖಕನ ಮೊದಲ ಪುಸ್ತಕವನ್ನು ನಾನು ಓದಿದ್ದು ಹೀಗೆ, ಬಿಡಿ ಫಾರ್ಮುಗಳಲ್ಲಿ. ಹಿಡಿಯಷ್ಟು ಜನ ಒಂದು ಹಡಗು ಕಟ್ಟಿಕೊಂಡು ನಕ್ಷತ್ರಗಳ ಕಡೆ ಹೊರಟ ಕತೆ. ಸೋಮವಾರ ಪುಸ್ತಕ ಕ್ಲಬ್ಬಿಗೆ ವಾಪಸಾಯಿತು, ನಾನು ಗೇಟಿನ ತನಕ ಅದರ ಹಿಂದೆ ಹೋಗಿದ್ದೆ.

ಇನ್ನೊಂದು ನೆನಪೂ ಇದೆ, ನೆನಪಿರಬೇಕಾದಾಗ ಕೈಕೊಟ್ಟ ನೆನಪು. ಯಾವುದೇ ಹಳೇ ಬೈಂಡಿಂಗ್ ಬಿಚ್ಚುವಾಗ ಅಪ್ಪ ಮೊದಲು ಅಸ್ತರು ಎಬ್ಬಿಸಿ ನೋಡುತ್ತಿದ್ದರು. ಕೋಟಿನ ಒಳಗೆ ಇರುತ್ತದಲ್ಲ, ಹಾಗೆ ರಟ್ಟಿನ ಒಳಮೈಗೆ ಅಂಟಿಸಿದ ಬಿಳಿ ಕಾಗದಕ್ಕೆ ಅವರು ಅಸ್ತರು ಅನ್ನುತ್ತಿದ್ದರು. ಒಮ್ಮೊಮ್ಮೆ ಅದರ ಕೆಳಗೆ ಪುಸ್ತಕದ ಹಳೆಯ ಮುಖಪುಟ ಚೊಕ್ಕಟವಾಗಿ ಮಲಗಿರುತ್ತಿತ್ತು. "ಹಿಂದಿನಾಂವ ಇಟ್ಟಾನ ನೋಡು" ಎಂದು ನನ್ನನ್ನು ಕರೆದು ತೋರಿಸುತ್ತಿದ್ದರು. "ಶಾಣ್ಯಾ ಇದ್ದ. ಮೊದಲಿನ ಮಾರಿ ಹೆಂಗಿತ್ತು ಅಂತ ಮುಂದ ಬಿಚ್ಚಾಂವಗ ಗೊತ್ತಾಗಬೇಕಲ್ಲ." ಮತ್ತೆ ಹೊಸ ಅಸ್ತರಿನ ಕೆಳಗೆ ಅದನ್ನು ಅಂಚಿಗಷ್ಟೇ ಅಂಟು ಹಾಕಿ ಮಲಗಿಸುತ್ತಿದ್ದರು. ಬೈಂಡಿಂಗ್ ಸವೆದು ತಾನಾಗಿ ಸಡಿಲಾಗುವವರೆಗೆ ಅದನ್ನು ಯಾರೂ ಎಬ್ಬಿಸಬಾರದು, ಅದು ಅವರ ಕಟ್ಟುನಿಟ್ಟು.

ಹನ್ನೊಂದು ಪುಸ್ತಕ ಸೇರಿದ ಮೇಲೆ ಆ ಮೊದಲನೆಯದಕ್ಕೆ ನಾನು ಹಂಬಲಿಸಿದ ಹಾಗೆ ಇನ್ನಾವುದಕ್ಕೂ ಹಂಬಲಿಸಿಲ್ಲ. ಕಡೆಗೊಂದು ಏಪ್ರಿಲ್‌ನಲ್ಲಿ ಫೋನು ಬಂತು. ಅಂಗಡಿಯವನು ಈ ಸಲ ಅನುಮಾನದಿಂದ, ಹೆಸರು ಅದೇ ಇದೆ, ಆದರೆ ಮುದುಕನಿಗೆ ಗಡ್ಡ ಇಲ್ಲ ಅಂದ. ಹೋಗಿ ನೋಡಿದರೆ ಅದೇ. ನೀಲಿ ಜಾಕೆಟ್, ಮುಂದೆ ನಕ್ಷತ್ರಗಳ ನಡುವೆ ಒಂದು ಸಣ್ಣ ಹಡಗು, ಹಿಂದೆ ಇಪ್ಪತ್ತೈದರ ಹರೆಯದ ಲೇಖಕ, ಮೀಸೆ ಕೂಡ ಸರಿಯಾಗಿ ಮೂಡಿಲ್ಲ. ಕ್ಲಬ್ಬಿನ ಪ್ರತಿಗೆ ಜಾಕೆಟ್ ಇರಲಿಲ್ಲವಾದ್ದರಿಂದ ಆ ಮುಖ ನಾನು ನೋಡಿದ್ದು ಆವತ್ತೇ ಮೊದಲು. ಜಾಕೆಟ್ ಮೂರು ಕಡೆ ಹರಿದಿತ್ತು, ಹೊಲಿಗೆ ಬಿಟ್ಟು ಪುಟಗಳು ಜೋತುಬಿದ್ದಿದ್ದವು.

ಮನೆಗೆ ತಂದು ಅಪ್ಪನ ಮಡಿಲಲ್ಲಿಟ್ಟೆ. "ನೋಡು, ಸಿಕ್ತು. ಆದ್ರ ಇದರ ಅವಸ್ಥಾ ನೋಡಪ್ಪ, ಏನರ ಮಾಡಬೇಕು ಇದಕ್ಕ" ಅಂದೆ. ಎಂಥ ಬುದ್ಧಿಗೇಡಿ ನಾನು. ಜೀವಮಾನವೆಲ್ಲ ಬೈಂಡಿಂಗ್ ಮಾಡಿದವರ ಮುಂದೆ ಹೋಗಿ ಏನಾದರೂ ಮಾಡಬೇಕು ಅಂದರೆ ಅವರು ಏನು ಮಾಡಿಯಾರು? ಮರುದಿನ ಹೆಂಡತಿಯ ತಂಗಿಯ ಮದುವೆಗೆಂದು ನಾವು ಬಾರಾಮತಿಗೆ ಹೋದೆವು. ಮೊಣಕಾಲು ನೋವೆಂದು ಅಪ್ಪ ಮನೆಯಲ್ಲೇ ಉಳಿದರು. ಆಗ ಅವರಿಗೆ ಎಪ್ಪತ್ತೆಂಟು, ಕೆಲಸ ಬಿಟ್ಟು ಆರು ವರ್ಷವಾಗಿತ್ತು.

ನಾಲ್ಕು ದಿನ ಬಿಟ್ಟು ಬಂದಾಗ ಮನೆಯೆಲ್ಲ ಕುದಿಸಿದ ಅಂಟಿನ ವಾಸನೆ. ಅಪ್ಪ ಶೇವಿಂಗ್ ಮಾಡಿಕೊಂಡು ಇಸ್ತ್ರಿ ಅಂಗಿ ಹಾಕಿಕೊಂಡು ಕುಳಿತಿದ್ದರು. ಎರಡೂ ಕೈಯಲ್ಲಿ ಪುಸ್ತಕ ಹಿಡಿದು ನನಗೆ ಕೊಟ್ಟರು. ಕೆಂಗಂದು ರೆಕ್ಸಿನ್, ಬೆನ್ನ ಮೇಲೆ ಬಂಗಾರದ ಹೆಸರು, ಗಾಜಿನ ಹಾಗೆ ನುಣುಪಾಗಿ ಕತ್ತರಿಸಿದ ಅಂಚು. ನೀಲಿ ಜಾಕೆಟ್ ಇಲ್ಲ. ನನ್ನ ಮೈಯೆಲ್ಲ ಉರಿದುಹೋಯಿತು.

"ಅದರ ಮ್ಯಾಲಿನ ಕಾಗದ ಎಲ್ಲಿ?" ಅಂದೆ.

"ಅದನ್ನ ನಾ..." ಎಂದು ಶುರುಮಾಡಿದರು.

ನಾನು ಮುಗಿಸಲು ಬಿಡಲಿಲ್ಲ. ಏನೇನು ಅಂದೆನೋ ಎಲ್ಲ ಬರೆಯಲಾರೆ. ಒಂದು ಮಾತು ಮಾತ್ರ ಅಕ್ಷರ ಬಿಡದೆ ನೆನಪಿದೆ. "ಇದನ್ನೀಗ ರದ್ದಿ ಅಂಗಡ್ಯಾಂವನೂ ತೊಗೊಳ್ಳೂದಿಲ್ಲ" ಅಂದೆ. ಅಪ್ಪ ಇನ್ನೊಮ್ಮೆ ಬಾಯಿ ತೆರೆದರು, ನಾನು ಚಪ್ಪಲಿ ಮೆಟ್ಟಿ ಹೊರಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಅವರು ಅಂಟಿನ ಪಾತ್ರೆ ತೊಳೆದು ಬೋರಲು ಹಾಕಿದ್ದರು. ಸೂಜಿ, ಮೇಣ, ಕತ್ತಿ ಎಲ್ಲ ಒಂದು ಡಬ್ಬಿಗೆ ಹೋಗಿದ್ದವು. ಆಮೇಲೆ ಮೊಮ್ಮಗಳ ಶಾಲೆಯ ವಹಿಗೆ ಕಾಗದ ಹಾಕಿಕೊಡು ಎಂದರೂ ಅವರು ಕೈ ಮುಟ್ಟಿಸಲಿಲ್ಲ. ನಾವು ಮಾತು ಬಿಟ್ಟೆವು ಅಂತಲ್ಲ. ಚಹಾ, ಗುಳಿಗೆ, ಪೇಪರು ಎಲ್ಲದರ ಮಾತೂ ನಡೆಯಿತು. ಆ ಪುಸ್ತಕದ ಸುದ್ದಿ ಅವರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಮೂರು ವರ್ಷಕ್ಕೆ ಅವರು ತೀರಿಕೊಂಡರು. ಕ್ಷಮಿಸು ಅನ್ನಲಿಕ್ಕೆ ನನಗೆ ಮೂರು ವರ್ಷ ಇತ್ತು.

ಕಳೆದ ವರ್ಷ ನಮ್ಮ ಹಾಗೆಯೇ ಹುಚ್ಚು ಹಿಡಿದ ಒಬ್ಬ ಯುವಕ ನನ್ನ ಸಂಗ್ರಹ ನೋಡಬೇಕೆಂದು ಬಂದ. ಮೈಸೂರಿನ ಕಡೆಯವನು, ಹಿಂಜವಡಿಯಲ್ಲಿ ಕಂಪ್ಯೂಟರ್ ಕೆಲಸ. ಸಭ್ಯ ಹುಡುಗ, ಕೇಳುವ ಮೊದಲೇ ಕೈ ತೊಳೆದುಕೊಂಡ. ಹನ್ನೊಂದನ್ನೂ ನೋಡಿ ಹೊಟ್ಟೆಕಿಚ್ಚಾಗ್ತಿದೆ ಸರ್ ಅಂದ, ನಾನೂ ಉಬ್ಬಿದೆ. ಆಮೇಲೆ ಗೋಡೆಗೆ ಮುಖ ಮಾಡಿದ್ದ ರೆಕ್ಸಿನ್ನಿನ ಮೇಲೆ ಅವನ ಕಣ್ಣು ಬಿತ್ತು. ಬೇಡ ಅನ್ನುವುದರೊಳಗೆ ತೆಗೆದು, ಮುಂದಿನ ರಟ್ಟು ತೆರೆದು, ಒಳಮೈ ಮೇಲೆ ಬೆರಳಾಡಿಸಿದ. ಹನ್ನೊಂದು ವರ್ಷಗಳಲ್ಲಿ ನಾನು ಒಮ್ಮೆಯೂ ತೆರೆಯದ ರಟ್ಟು ಅದು.

"ಸರ್, ಇದರ ಕೆಳಗೆ ಏನೋ ಇದೆ. ಇಲ್ಲಿ ಎಡ್ಜ್ ಸಿಗ್ತಿದೆ ನೋಡಿ."

ಅವನ ಬೆರಳು ಇದ್ದ ಕಡೆ ನನ್ನ ಬೆರಳಿಟ್ಟೆ. ಬಿಳಿ ಕಾಗದದ ಕೆಳಗೆ ಇನ್ನೊಂದು ಕಾಗದದ ಅಂಚು ನೇರವಾಗಿ ಹೋಗಿತ್ತು. ಹಿಂದಿನ ರಟ್ಟಿನಲ್ಲೂ ಹಾಗೇ. ಮುಂದಿನ ರಟ್ಟಿನ ಕೆಳಮೂಲೆಯಲ್ಲಿ ಅಸ್ತರು ಅಕ್ಕಿಕಾಳಿನಷ್ಟು ಎದ್ದಿತ್ತು. ಕಿಟಕಿಯ ಬೆಳಕಿಗೆ ಹಿಡಿದೆವು. ಒಳಗೆ ನೀಲಿ.

ಅಪ್ಪ ಜಾಕೆಟ್ಟನ್ನು ಎಸೆದಿರಲಿಲ್ಲ. ಹಡಗಿನ ಚಿತ್ರವನ್ನು ಮುಂದಿನ ಅಸ್ತರಿನ ಕೆಳಗೆ, ಹರೆಯದ ಮುಖವನ್ನು ಹಿಂದಿನದರ ಕೆಳಗೆ ಮಲಗಿಸಿದ್ದರು. ಇದು ಅವರ ಪದ್ಧತಿ ಅಂತ ಈ ಊರಿನಲ್ಲಿ ಗೊತ್ತಿದ್ದವನು ನಾನೊಬ್ಬನೇ. ಬೇರೆ ಯಾರು ಮರೆತರೂ ನಾನು ಮರೆಯಬಾರದಿತ್ತು. "ಅದನ್ನ ನಾ..." ಎಂಬುದರ ಮುಂದಿನ ಮಾತು ಏನೆಂದು ಆಗ ತಿಳಿಯಿತು. ಅಪರಿಚಿತ ಹುಡುಗನ ಮುಂದೆ ಅಳು ತಡೆಯಲಾಗಲಿಲ್ಲ. ಅವನು ಪಾಪ ಗಾಬರಿಯಾಗಿ, "ಸರ್, ಟೆನ್ಷನ್ ಮಾಡ್ಕೋಬೇಡಿ. ಸ್ಟೀಮ್ ಕೊಟ್ರೆ ಹತ್ತು ನಿಮಿಷದಲ್ಲಿ ಎದ್ದು ಬರುತ್ತೆ" ಅಂದ.

ಹೆಂಡತಿ ಒಲೆಯ ಮೇಲೆ ನೀರಿಟ್ಟೇಬಿಟ್ಟಳು. ನೀರು ಕುದಿಯಿತು, ಹಬೆ ಎದ್ದಿತು. ಪುಸ್ತಕ ಹಿಡಿದು ನಿಂತೆ. ಆ ನೀಲಿಯನ್ನು, ಆ ಮುಖವನ್ನು ನೋಡುವ ಆಸೆ ಎಷ್ಟಿತ್ತು ಅಂತ ಹೇಳಲಾರೆ. ಎರಡು ತುಂಡಾದ ಜಾಕೆಟ್ ಸಂಗ್ರಹಕಾರರ ಪಾಲಿಗೆ ಜಾಕೆಟ್ಟೇ ಅಲ್ಲ, ಅದು ನನಗೆ ಗೊತ್ತು. ನನಗೆ ಬೇಕಾಗಿದ್ದದ್ದು ಅಪ್ಪ ಇಟ್ಟದ್ದನ್ನು ನೋಡುವುದು. ಆದರೆ ಹಬೆ ತಾಗಿದರೆ ಅಂಟು ಬಿಡುತ್ತದೆ, ರಟ್ಟು ಡೊಂಕಾಗುತ್ತದೆ. ಅವರು ಮಾಡಿದ ಕಟ್ಟಕಡೆಯ ಬೈಂಡಿಂಗ್ ಅದು. ಮೊದಲ ಸಲ ನಾನು ಬಾಯಿಂದ ಹಾಳು ಮಾಡಿದ್ದೆ. "ಆರ್ಸು" ಅಂದೆ. ಅವಳು ಅದೇ ನೀರಿಗೆ ಚಹಾಪುಡಿ ಹಾಕಿದಳು.

ಸವೆದು ತಾನಾಗಿ ಬಿಡಬೇಕು ಎಂಬುದು ಅಪ್ಪನ ಕಟ್ಟುನಿಟ್ಟು ತಾನೇ? ಸವೆಸಲು ಇರುವುದು ಒಂದೇ ದಾರಿ. ಅಂದಿನಿಂದ ದಿನಾ ಮಧ್ಯಾಹ್ನ ಬಾಲ್ಕನಿಯಲ್ಲಿ ಕೂತು ನಾನು ಆ ಪುಸ್ತಕ ಓದುತ್ತೇನೆ. ಕೈ ತೊಳೆಯುವುದಿಲ್ಲ. ಪೂರ್ತಿ ಅಗಲಿಸಿ ತೊಡೆಯ ಮೇಲೆ ಹಾಕಿಕೊಳ್ಳುತ್ತೇನೆ, ನಮ್ಮ ಮಂದಿ ನೋಡಿದರೆ ಎದೆ ಒಡೆದುಕೊಂಡಾರು. ಈಗ ಐದನೇ ಸಲ. ರೆಕ್ಸಿನ್ನಿನ ಮೂಲೆ ಚೂರು ಬೆಳ್ಳಗಾಗಿದೆ, ಅಷ್ಟೇ. ಹೊಲಿಗೆಯ ಒಂದು ಎಳೆಯೂ ಸಡಿಲಾಗಿಲ್ಲ. ನನಗೂ ಅರವತ್ತೊಂದಾಯಿತು, ಈ ಓಟದಲ್ಲಿ ಗೆಲ್ಲುವವರು ಅಪ್ಪನೇ ಅಂತ ಕಾಣುತ್ತದೆ. ಒಮ್ಮೊಮ್ಮೆ ಒಂದು ಫಾರ್ಮು ಮುಗಿದ ಕಡೆ ದಾರದ ಮೇಲೆ ಬೆರಳಿಟ್ಟು ಸುಮ್ಮನೆ ಕೂತುಬಿಡುತ್ತೇನೆ.

ನಿನ್ನೆಯೂ ಹಾಗೆ ಕೂತಿದ್ದೆ. ಚಹಾ ಆರುತ್ತಿದೆಯೆಂದು ಒಳಗಿಂದ ಹೆಂಡತಿ ಕೂಗಿದಳು, "ಮುಗೀತೇನ್ರಿ?"

"ಇನ್ನಾ ಎರಡು ಪುಟ ಅದಾವ" ಅಂದೆ.