ಉಳಿವೆಪ್ಪನನ್ನು ಹಚ್ಚಿದ ಚಿತ್ರ

ಶಿಗ್ಗಾಂವಿಯ ಬಸ್ ಕಂಡಕ್ಟರ್ ಉಳಿವೆಪ್ಪ ಊಟಕ್ಕೆ ಕೂತರೂ ಬಾಗಿಲ ಕಡೆ ಒಂದು ಕಣ್ಣಿಟ್ಟೇ ರೊಟ್ಟಿ ಮುರಿಯುವವ. ತನ್ನನ್ನು ಬಿಟ್ಟು ಬಸ್ಸು ಹೋದೀತೆಂಬ ಅಂಜಿಕೆ ಅವನ ಮೈಗೆ ಹತ್ತಿಬಿಟ್ಟಿತ್ತು. ಅದರಲ್ಲೂ ೧೯೬೬ರ ಆ ಭಾನುವಾರ ಅವನ ಚಡಪಡಿಕೆ ಹೇಳತೀರದು. ಸವಣೂರಿನ ಹಳೆಯ ಮಹಲೊಂದರಲ್ಲಿ ಹೊಸದಾಗಿ ತೆರೆದ ವಸ್ತುಸಂಗ್ರಹಾಲಯದವರು ದಿಲಾವರಸಾಬರು ಬದುಕಿಡೀ ಮಾಡಿದ ಚಿತ್ರಗಳನ್ನೆಲ್ಲ ಕಲೆಹಾಕಿ ತೂಗುಹಾಕಿದ್ದರು. ಸಾಬರು ತೀರಿಕೊಂಡು ವರ್ಷವಾಗಿತ್ತು. ಆ ಚಿತ್ರಗಳ ಪೈಕಿ ಒಂದರಲ್ಲಿ ತನ್ನ ಮುಖವಿದೆ ಎಂದು ಉಳಿವೆಪ್ಪ ಹೆಂಡತಿ ಸುಶೀಲವ್ವನಿಗೆ, ಬೀಗರಿಗೆ, ಡಿಪೋದವರಿಗೆ, ಕೇಳದೆ ಇದ್ದವರಿಗೂ ಹೇಳಿಕೊಂಡು ಬಂದಿದ್ದ. ಇವತ್ತು ಹೆಂಡತಿಗೆ ಅದನ್ನು ತೋರಿಸಲೇಬೇಕಾಗಿತ್ತು.

ದಿಲಾವರಸಾಬರದು ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ. ಕೆಲಸ ಮುಗಿದ ಮೇಲೆ ಅದೇ ಅಂಟಿನಿಂದ ಹಲಗೆಯ ಮೇಲೆ ಏನೇನೋ ಹಚ್ಚುತ್ತ ಕೂಡುತ್ತಿದ್ದರು. ಒಡೆದ ಬಳೆಯ ಚೂರು, ಬೀಡಿಕಟ್ಟಿನ ಕಾಗದ, ಹರಿದ ಸೀರೆಯ ಅಂಚು, ಅಂಗಿಯ ಗುಂಡಿ, ಒಟ್ಟಿನಲ್ಲಿ ಜನ ಬಿಸಾಕಿದ್ದೆಲ್ಲ ಅವರಿಗೆ ಬೇಕು. ಹತ್ತಿರದಿಂದ ನೋಡಿದರೆ ಬರೀ ಕಸ, ತುಸು ಹಿಂದೆ ಸರಿದರೆ ಬಂಕಾಪುರದ ಕೋಟೆ. ಊರವರಿಗೆ ನಗೆ. ಉಳಿವೆಪ್ಪನಿಗೆ ಮಾತ್ರ ಅದರ ಹುಚ್ಚು ಹಿಡಿಯಿತು. ಸವಣೂರಿನಲ್ಲಿ ಬಸ್ಸು ನಿಂತಷ್ಟು ಹೊತ್ತು ಸಾಬರ ಮನೆಯಲ್ಲಿ ಹಾಜರು. ಜೇಬಿನ ತುಂಬ ಅವರಿಗೆಂದೇ ಆಯ್ದು ತಂದ ಹಳೇ ಟಿಕೀಟು. ಕೈಯಲ್ಲಿ ಚಹಾದ ಕಪ್ಪು, ಕಿವಿಯೆಲ್ಲ ಹೊರಗೆ. ಡ್ರೈವರ್ ಹಾರ್ನ್ ಹೊಡೆದನೋ, ಎದ್ದು ಓಟ.

ಒಮ್ಮೆ ಟಿಕೀಟುಗಳ ಜೊತೆಗೆ ತನ್ನದೇ ಒಂದು ಫೋಟೋ ಒಯ್ದ.

"ಚಾಚಾ, ಇದನ್ನೂ ಯಾವುದಕ್ಕರ ಹಚ್ರಿ."

ಸಾಬರು ಇಸಿದುಕೊಂಡು ಸುಮ್ಮನೆ ನಕ್ಕರು. ಮುಂದಿನ ವಾರ ಉಳಿವೆಪ್ಪನಿಗೆ ತಡೆಯಲಾಗಲಿಲ್ಲ.

"ನನ್ನ ಹಚ್ಚಿದ್ರಿ ಏನ್ರಿ, ಚಾಚಾ?"

ಸಾಬರು ಅಂಟಿನ ಬಟ್ಟಲಿನಿಂದ ಕೈ ತೆಗೆದು ಅವನ ಮುಖ ನೋಡಿದರು. "ನಿನ್ನ ಭಾಳ ಹಚ್ಚಿಕೊಂಡೇನಪಾ, ಉಳಿವೆಪ್ಪಾ."

ಅಷ್ಟರಲ್ಲಿ ಹಾರ್ನ್. ಯಾವ ಚಿತ್ರ ಎಂದು ಕೇಳುವುದೂ ಉಳಿದುಹೋಯಿತು. ಅವತ್ತು ಹಾನಗಲ್ಲು ಮುಟ್ಟುವವರೆಗೆ ಕಂಡಕ್ಟರು ಯಾರ ಮೇಲೂ ರೇಗಲಿಲ್ಲ.

ಕೆಲ ದಿನಕ್ಕೆ ಅವನನ್ನು ಹಿರೇಕೆರೂರಿನ ಬಸ್ಸಿಗೆ ಹಾಕಿದರು. ಸವಣೂರು ತಪ್ಪಿತು. ರಜೆ ಸಿಕ್ಕಾಗ ಹೋಗಿಬರಬೇಕೆಂದು ಮೊದಮೊದಲು ಅನ್ನಿಸುತ್ತಿತ್ತು. ಆಮೇಲೆ, ಹೇಗೂ ಅವರ ಮನೆಯ ಗೋಡೆಯ ಮೇಲೆ ತಾನು ಇದ್ದೇ ಇದ್ದೇನಲ್ಲ ಎಂದು ಸಮಾಧಾನ ತಂದುಕೊಂಡ. ಹಾಗೆಯೇ ವರ್ಷಗಳು ಉರುಳಿದವು. ಸಾಬರು ತೀರಿಕೊಂಡ ಸುದ್ದಿ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದಾಗಲೇ ಅವನಿಗೆ ಗೊತ್ತಾದದ್ದು.

ಆ ಭಾನುವಾರ ಮಹಲಿನ ಒಳಗೆ ಕಾಲಿಟ್ಟವನೇ ಒಂದು ಚಿತ್ರದಿಂದ ಇನ್ನೊಂದಕ್ಕೆ ಧಾವಿಸತೊಡಗಿದ. ಪುಣ್ಯಾತ್ಮನಿಗೆ ಚಿತ್ರ ನೋಡುವ ವ್ಯವಧಾನವೆಲ್ಲಿ? ಪ್ರತಿಯೊಂದಕ್ಕೂ ಮೂಗು ತಾಗಿಸಿ ತನ್ನ ಮುಖ ಹುಡುಕುವುದು, ಇಲ್ಲವೆಂದು ಕಂಡೊಡನೆ ಮುಂದಕ್ಕೆ. ಸುಶೀಲವ್ವ ಮಾತ್ರ ಬಳೆಚೂರಿನ ನವಿಲಿನ ಎದುರು ನಿಂತುಬಿಟ್ಟಿದ್ದಳು.

"ಇಲ್ಲೆ ಬರ್ರಿ. ಎಷ್ಟ ಚಂದ ಮಾಡ್ಯಾರ ನೋಡ್ರಿ."

"ನವಿಲು ಬಂಕಾಪುರದಾಗ ಬೇಕಾದಷ್ಟ ಅದಾವ. ನೀ ಬಾ."

ಕೋಣೆಗಳು ಮುಗಿದವು. ಇನ್ನೊಂದು ಸುತ್ತು ಹಾಕಿದ, ಅಲ್ಲೂ ಇಲ್ಲ. ಕಾವಲಿನವ ಅನುಮಾನದಿಂದ ಬೆನ್ನು ಹತ್ತಿದ. ಬೆವರು ಒರೆಸಿಕೊಳ್ಳುತ್ತಿದ್ದ ಗಂಡನನ್ನು ನೋಡಿ ಸುಶೀಲವ್ವನಿಗೆ ಅಯ್ಯೋ ಎನಿಸಿತು.

"ಇಲ್ಲದಿದ್ರ ಇಲ್ಲ ಬಿಡ್ರಿ. ನಾ ಏನ ಯಾರಿಗೂ ಹೇಳೂದಿಲ್ಲ."

ಆ ಕನಿಕರ ಅವನನ್ನು ಬೈಗುಳಕ್ಕಿಂತ ಹೆಚ್ಚು ನೋಯಿಸಿತು. ಬಾಗಿಲ ಬಳಿ ಕೂತಿದ್ದ ಸಾಬರ ಮಗಳು ಮರಿಯಮಬಿಯ ಕಡೆ ದಾಪುಗಾಲು ಹಾಕಿದ. ಅವಳು ಗುರುತು ಹಿಡಿದು ಎದ್ದು ನಿಂತಳು.

"ಕಂಡಕ್ಟರ್ ಕಾಕಾ ಅಲ್ಲೇನ್ರಿ?"

"ಹೌದವ್ವಾ. ಎಲ್ಲಾ ಚಿತ್ರಾ ತಂದಿಲ್ಲೇನ ನೀವು? ನನ್ನ ಹಚ್ಚಿದ್ದು ಎಲ್ಲೈತಿ? ಹಚ್ಚಿಕೊಂಡೇನಿ ಅಂತ ನಿಮ್ಮಪ್ಪನ ಬಾಯಿಲೆ ಕೇಳೇನಿ ನಾ."

ಮರಿಯಮಬಿ ಗೊಂದಲದಿಂದ ಅವನನ್ನೇ ನೋಡಿದಳು. ಮಾತಿನ ತಲೆಬುಡ ಹೊಳೆದ ಮೇಲೆ ಅವಳ ದನಿ ಇಳಿಯಿತು.

"ಎಲ್ಲಾ ಇಲ್ಲೇ ಅದಾವ್ರಿ, ಕಾಕಾ. ನಮ್ಮ ಅಬ್ಬಾ ಮಂದಿ ಒಗದಿದ್ದನ್ನ ಹಚ್ಚತಿದ್ರು. ನಿಮ್ಮನ್ನ ಯಾಕ ಹಚ್ಚತಾರ್ರಿ? ನಿಮ್ಮನ್ನ ಹಚ್ಚಿಕೊಂಡಿದ್ರು."

ಈ ಸೀಮೆಯಲ್ಲಿ ಎಳೆಗೂಸಿಗೂ ತಿಳಿಯುವ ಮಾತು. ಒಬ್ಬರನ್ನು ಹಚ್ಚಿಕೊಳ್ಳುವುದೆಂದರೆ ಅವರು ಬಾರದಿದ್ದರೆ ಜೀವ ತಳಮಳಿಸುವಷ್ಟು ಪ್ರೀತಿ. ಅಂಟಿನ ಬಟ್ಟಲು ಎದುರಿಗಿತ್ತೆಂದು, ಹಾರ್ನ್ ಹೊಡೆಯಿತೆಂದು, ಉಳಿವೆಪ್ಪ ಅದನ್ನು ಅಂಟಿನ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದ.

"ನೀವು ಬರೂದು ಬಿಟ್ಟಮ್ಯಾಲೂ ಬಸ್ ಬಂದ ಸಪ್ಪಳಾದ್ರ ಚಾ ಇಡು ಅಂತಿದ್ರು," ಎಂದಳು ಮರಿಯಮಬಿ. "ಅವ ಬ್ಯಾರೆ ಕಂಡಕ್ಟರ್, ಅಬ್ಬಾ, ಅಂದ್ರ ಕೇಳತಿರಲಿಲ್ಲ. ಹಿರೇಕೆರೂರ ಏನ ಪರದೇಶ ಅಲ್ಲ, ಬರತಾನ, ಅಂತಿದ್ರು."

ಉಳಿವೆಪ್ಪ ಬಾಗಿಲವರೆಗೆ ಹೋದ, ತಿರುಗಿ ಬಂದ, ಮತ್ತೆ ಹೋದ. ಸುಶೀಲವ್ವ ಹತ್ತಿರ ಬಂದು ಅವನ ತೋಳು ಹಿಡಿದಳು.

"ನಾ ಇಲ್ಲೇ ಅದೇನಿ ಅಂತ ತಿಳಕೊಂಡು," ಎಂದ ಅವಳಿಗೆ, "ಬರಲೇ ಇಲ್ಲ ನೋಡ."